ಗೋಲಿಲ್ಲದ ಹದಿಮೂರು ಪಂದ್ಯಗಳು: ಸರಾಸರಿಯ ಪಾಠದಲ್ಲಿ ಮಿರೊಸ್ಲಾವ್ ಕ್ಲೋಸ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯ ಒಂಬತ್ತನೇ ತರಗತಿ ಸಿಕ್ಕಿತ್ತು. ವಿಷಯ ಗಣಿತ, ಘಟಕ ಸಂಖ್ಯಾಶಾಸ್ತ್ರ, ಕಲಿಕಾಂಶ ಸರಾಸರಿ, ಮಧ್ಯಾಂಕ ಮತ್ತು ಬಹುಲಕ. ಎರಡು ಅವಧಿಗಳಲ್ಲಿ ಮುಗಿಸಬೇಕಿತ್ತು. ಮೊದಲ ಅವಧಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಅದು ಯಾರಿಗೂ ಕಾಣಲಿಲ್ಲ. ಅವಲೋಕನ ಪತ್ರದಲ್ಲಿ ಒಳ್ಳೆಯ ಅಂಕಗಳೇ ಬಂದವು. ಆ ತಪ್ಪು ಏನು, ಅದನ್ನು ತಿದ್ದಲು ಹೋದಾಗ ಏನಾಯಿತು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಆಟಗಾರನೇ ಏಕೆ?

ಪೂರ್ವಸಿದ್ಧತೆಯ ದಿನ ಶಾಲೆಗೆ ಹೋದಾಗ ಊಟದ ವಿರಾಮದಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಸರಾಸರಿ ಎಂದೊಡನೆ ನಾವೆಲ್ಲ ಕ್ರಿಕೆಟ್‌ಗೆ ಹೋಗುತ್ತೇವೆ. ಬೇರೆ ದಾರಿ ನೋಡೋಣ ಎಂದು ಜರ್ಮನಿಯ ನಿವೃತ್ತ ಆಟಗಾರ ಮಿರೊಸ್ಲಾವ್ ಕ್ಲೋಸ ಅವರನ್ನು ಆರಿಸಿಕೊಂಡೆ. ನಾಲ್ಕು ವಿಶ್ವಕಪ್‌ಗಳಲ್ಲಿ 16 ಗೋಲು ಹೊಡೆದವರು. ಪಾಠಕ್ಕೆ ಬೇಕಾದ ದತ್ತಾಂಶ ಚಿಕ್ಕದು, ಪೂರ್ಣಸಂಖ್ಯೆಗಳಲ್ಲಿದೆ, ಒಂದು ಕಪ್ಪುಹಲಗೆಯಲ್ಲಿ ಹಿಡಿಸುತ್ತದೆ. ಜೊತೆಗೆ ಅವರ ಬದುಕಿನಲ್ಲಿ ಮಕ್ಕಳಿಗೆ ಹೇಳಬಹುದಾದ ವಿಷಯಗಳಿವೆ.

ಪಾಠದ ಪ್ರವೇಶಕ್ಕೆ ನಾನು ಹೇಳಿದ್ದು ಇಷ್ಟು. ಕ್ಲೋಸ ಹುಟ್ಟಿದ್ದು ಜರ್ಮನಿಯಲ್ಲಲ್ಲ, 1978ರ ಜೂನ್ 9ರಂದು ಪೋಲೆಂಡಿನ ಓಪೋಲೆ ನಗರದಲ್ಲಿ. ತಂದೆ ಯೋಸೆಫ್ ವೃತ್ತಿಪರ ಫುಟ್‌ಬಾಲ್ ಆಟಗಾರ, ಫ್ರಾನ್ಸಿನ ಓಸೇರ್ ತಂಡಕ್ಕೂ ಆಡಿದವರು. ತಾಯಿ ಪೋಲೆಂಡಿನ ರಾಷ್ಟ್ರೀಯ ಹ್ಯಾಂಡ್‌ಬಾಲ್ ತಂಡದಲ್ಲಿದ್ದವರು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ಕುಟುಂಬ ಜರ್ಮನಿಯ ಕೂಸೆಲ್ ಎಂಬ ಸಣ್ಣ ಊರಿಗೆ ಬಂತು. ಆಗ ಅವನಿಗೆ ಬರುತ್ತಿದ್ದ ಜರ್ಮನ್ ಪದಗಳು ಎರಡೇ: ‘ಹೌದು’ ಮತ್ತು ‘ಧನ್ಯವಾದ’.

ಆಟದಲ್ಲೂ ಅವರು ಬೇಗ ಮೇಲೆ ಬಂದವರಲ್ಲ. ದೊಡ್ಡ ಕ್ಲಬ್ಬುಗಳ ತರಬೇತಿ ಶಾಲೆಯಲ್ಲಿ ಬೆಳೆದವರಲ್ಲ. ಬಡಗಿ ಕೆಲಸ ಕಲಿಯುತ್ತ, ಬ್ಲೌಬಾಖ್-ಡೀಡೆಲ್‌ಕಾಪ್ಫ್ ಎಂಬ ಹಳ್ಳಿ ತಂಡಕ್ಕೆ ಕೆಳಹಂತದ ಲೀಗ್‌ನಲ್ಲಿ ಆಡುತ್ತಿದ್ದರು. 1998ರಲ್ಲಿ, ಇಪ್ಪತ್ತು ವರ್ಷವಾದಾಗ, ಹೋಂಬುರ್ಗ್ ತಂಡಕ್ಕೆ ಹೋದರು. ಮರುವರ್ಷ ಕೈಸರ್ಸ್‌ಲೌಟರ್ನ್. 2001ರ ಮಾರ್ಚ್ 24ರಂದು ಅಲ್ಬೇನಿಯ ವಿರುದ್ಧ ಜರ್ಮನಿಯ ಪರ ಮೊದಲ ಪಂದ್ಯ. ಬದಲಿ ಆಟಗಾರನಾಗಿ ಇಳಿದು ಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದರು. ಮುಂದೆ 2004ರಿಂದ ವೆರ್ಡರ್ ಬ್ರೆಮೆನ್, 2007ರಿಂದ ಬಯರ್ನ್ ಮ್ಯೂನಿಕ್, 2011ರಿಂದ 2016ರವರೆಗೆ ಇಟಲಿಯ ಲಾಟ್ಸಿಯೊ. 2005–06ರಲ್ಲಿ 25 ಗೋಲುಗಳೊಂದಿಗೆ ಜರ್ಮನಿಯ ಬುಂಡೆಸ್‌ಲೀಗಾದ ಅತಿ ಹೆಚ್ಚು ಗೋಲಿನ ಆಟಗಾರ. ನಿವೃತ್ತಿಯ ಬಳಿಕ ತರಬೇತುದಾರರಾದರು.

ಬಡಗಿ ಕೆಲಸದ ಮಾತು ಬಂದಾಗ ಮಕ್ಕಳು ಕಿವಿ ನೆಟ್ಟಗೆ ಮಾಡಿದರು. ಅಲ್ಲಿಯ ಹಲವರ ಮನೆಯಲ್ಲಿ ಕೈಕಸುಬಿನವರಿದ್ದಾರೆ.

ಮೊದಲ ಅವಧಿ

ನಾನು ದತ್ತಾಂಶವನ್ನು ಹನ್ನೊಂದು ಮಿಂಚುಪಟ್ಟಿಗಳಲ್ಲಿ ಬರೆದುಕೊಂಡು ಹೋಗಿದ್ದೆ. ಪ್ರತಿಯೊಂದರಲ್ಲೂ ಎದುರಾಳಿ ತಂಡ, ವರ್ಷ, ಕ್ಲೋಸ ಹೊಡೆದ ಗೋಲುಗಳು.

2002: ಸೌದಿ ಅರೇಬಿಯ 3, ಐರ್ಲೆಂಡ್ 1, ಕ್ಯಾಮರೂನ್ 1.
2006: ಕೋಸ್ಟರಿಕಾ 2, ಇಕ್ವೆಡಾರ್ 2, ಅರ್ಜೆಂಟೀನ 1.
2010: ಆಸ್ಟ್ರೇಲಿಯ 1, ಇಂಗ್ಲೆಂಡ್ 1, ಅರ್ಜೆಂಟೀನ 2.
2014: ಘಾನ 1, ಬ್ರೆಜಿಲ್ 1.

2002ರ ಐದೂ ಗೋಲುಗಳು ತಲೆಯಿಂದ ಬಂದವು ಎಂದಾಗ ಒಬ್ಬ ಹುಡುಗ ತನ್ನ ತಲೆ ಮುಟ್ಟಿಕೊಂಡ. 2014ರ ಜೂನ್ 21ರಂದು ಘಾನ ವಿರುದ್ಧ ಜರ್ಮನಿ 1–2ರಿಂದ ಹಿಂದಿದ್ದಾಗ, 36 ವರ್ಷದ ಕ್ಲೋಸ ಬದಲಿ ಆಟಗಾರನಾಗಿ ಇಳಿದು ಎರಡು ನಿಮಿಷದೊಳಗೆ ಗೋಲು ಹೊಡೆದರು. ಎಂದಿನಂತೆ ಗಾಳಿಯಲ್ಲಿ ಪಲ್ಟಿ ಹೊಡೆದರು, ಇಳಿಯುವಾಗ ಮುಗ್ಗರಿಸಿದರು. ಅದು ಅವರ 15ನೇ ವಿಶ್ವಕಪ್ ಗೋಲು, ಬ್ರೆಜಿಲ್‌ನ ರೊನಾಲ್ಡೊ ಅವರ ದಾಖಲೆಗೆ ಸಮ. ಜುಲೈ 8ರ ಸೆಮಿಫೈನಲ್‌ನಲ್ಲಿ, ಬ್ರೆಜಿಲ್‌ನ ನೆಲದಲ್ಲೇ, 23ನೇ ನಿಮಿಷಕ್ಕೆ 16ನೆಯದು. ಮೊದಲ ಹೊಡೆತವನ್ನು ಗೋಲ್‌ಕೀಪರ್ ತಡೆದರು, ಮರಳಿ ಬಂದ ಚೆಂಡನ್ನು ಕ್ಲೋಸ ಒಳಕ್ಕೆ ತಳ್ಳಿದರು. ಆ ಪಂದ್ಯವನ್ನು ಜರ್ಮನಿ 7–1ರಿಂದ ಗೆದ್ದಿತು.

ತರಗತಿ ಚುರುಕಾಗಿತ್ತು. ಮಕ್ಕಳೇ ಪಟ್ಟಿಗಳನ್ನು ಹಲಗೆಗೆ ಅಂಟಿಸಿದರು, ಕೂಡಿದರು, 16 ಬಂತು. ‘ಒಟ್ಟು ಎಷ್ಟು ಪಟ್ಟಿಗಳಿವೆ?’ ಎಂದು ಕೇಳಿದೆ. ‘ಹನ್ನೊಂದು’ ಎಂದರು. ಭಾಗಿಸಿದೆವು. 16 ÷ 11 = 1.45. ‘ಒಂದು ಪಂದ್ಯಕ್ಕೆ ಸರಾಸರಿ 1.45 ಗೋಲು’ ಎಂದು ಚೌಕಟ್ಟು ಹಾಕಿ ಬರೆದೆ.

ಅಷ್ಟಕ್ಕೆ ನಿಲ್ಲಲಿಲ್ಲ. ಹೋಲಿಕೆಗಾಗಿ ಜರ್ಮನಿಯ ಹಳೆಯ ದಿಗ್ಗಜ ಗೆರ್ಡ್ ಮ್ಯೂಲರ್ ಅವರ ಲೆಕ್ಕ ಬರೆದೆ: 1970 ಮತ್ತು 1974ರ ವಿಶ್ವಕಪ್‌ಗಳ 13 ಪಂದ್ಯಗಳಲ್ಲಿ 14 ಗೋಲು, ಸರಾಸರಿ 1.08. ‘ಹಾಗಾದರೆ ಒಟ್ಟಿನಲ್ಲೂ ಸರಾಸರಿಯಲ್ಲೂ ಯಾರು ಮುಂದೆ?’ ಎಂದು ಕೇಳಿದೆ. ‘ಕ್ಲೋಸ!’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಗಂಟೆ ಬಾರಿಸಿತು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕಿ ಮೇಡಂ ಅವರು ವಿದ್ಯಾರ್ಥಿಗಳ ಭಾಗವಹಿಸುವಿಕೆಗೂ ಕಪ್ಪುಹಲಗೆ ಕಾರ್ಯಕ್ಕೂ ಒಳ್ಳೆಯ ಅಂಕ ಕೊಟ್ಟರು. ‘ವಿಷಯದ ನಿಖರತೆ’ ಎಂಬ ಕಲಮಿನಲ್ಲಿ ಪೂರ್ಣ ಅಂಕ ಇತ್ತು.

ಮಿಂಚುಪಟ್ಟಿಯಲ್ಲಿ ಇಲ್ಲದ್ದು

ಆ ರಾತ್ರಿ ಹಾಸ್ಟೆಲಿನಲ್ಲಿ ಎರಡನೇ ಅವಧಿಯ ಚಾರ್ಟ್ ಬರೆಯುತ್ತಿದ್ದೆ. ಆಟಗಾರನ ಪರಿಚಯದಲ್ಲಿ ‘ವಿಶ್ವಕಪ್ ಪಂದ್ಯಗಳು 24, ಗೋಲು 16’ ಎಂದು ನಾನೇ ಬರೆದುಕೊಂಡಿದ್ದ ಸಾಲು ಕಣ್ಣಿಗೆ ಬಿತ್ತು. ಇಪ್ಪತ್ತನಾಲ್ಕು! ನಾನು ಭಾಗಿಸಿದ್ದು ಹನ್ನೊಂದರಿಂದ.

ಗೋಲು ಬಂದ ಪಂದ್ಯಗಳಿಗೆ ಮಾತ್ರ ಪಟ್ಟಿ ಮಾಡಿದ್ದೆ. ಗೋಲಿಲ್ಲದ ಪಂದ್ಯದ ಪಟ್ಟಿಯಲ್ಲಿ ಬರೆಯಲು ಏನಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಸೊನ್ನೆಯೂ ಒಂದು ಪ್ರಾಪ್ತಾಂಕ ಎಂದು ಪಾಠಯೋಜನೆಯ ಎರಡನೇ ಪುಟದಲ್ಲಿ ನಾನೇ ಬರೆದಿದ್ದೆ. ಮ್ಯೂಲರ್ ಅವರ ಲೆಕ್ಕಕ್ಕೆ ಮಾತ್ರ ಆಡಿದ ಪಂದ್ಯಗಳನ್ನೆಲ್ಲ ಹಿಡಿದಿದ್ದೆ. ಹೀಗೆ ಎರಡು ಬೇರೆ ಬೇರೆ ಅಳತೆಗೋಲಿನಿಂದ ಅಳೆದು, ಮಕ್ಕಳ ಬಾಯಲ್ಲಿ ತಪ್ಪು ತೀರ್ಮಾನ ಹೇಳಿಸಿದ್ದೆ.

ಇನ್ನೊಂದು ಸಂಕಟವೂ ಇತ್ತು. ಎರಡನೇ ಅವಧಿಯ ಕೊನೆಗೆ ‘ಮೌಲ್ಯ ಸಂಯೋಜನೆ’ ಎಂದು ನಾನು ಬರೆದುಕೊಂಡಿದ್ದು ಕ್ಲೋಸ ಅವರ ಪ್ರಾಮಾಣಿಕತೆಯ ಎರಡು ಘಟನೆಗಳು. 2005ರಲ್ಲಿ ಬ್ರೆಮೆನ್ ಪರ ಬೀಲೆಫೆಲ್ಡ್ ವಿರುದ್ಧ ಆಡುವಾಗ ರೆಫರಿ ಅವರ ತಂಡಕ್ಕೆ ಪೆನಾಲ್ಟಿ ಕೊಟ್ಟರು. ಗೋಲ್‌ಕೀಪರ್ ನನಗೆ ಫೌಲ್ ಮಾಡಿಲ್ಲ ಎಂದು ಕ್ಲೋಸ ಹೇಳಿದರು. ಪೆನಾಲ್ಟಿ ರದ್ದಾಯಿತು. 2012ರ ಸೆಪ್ಟೆಂಬರ್ 26ರಂದು ಲಾಟ್ಸಿಯೊ ಪರ ನಾಪೋಲಿ ವಿರುದ್ಧ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಚೆಂಡು ಅವರ ಕೈಗೆ ತಾಗಿ ಗೋಲಿನೊಳಗೆ ಹೋಯಿತು. ರೆಫರಿ ಗೋಲು ಕೊಟ್ಟಾಗಿತ್ತು. ನಾಪೋಲಿ ಆಟಗಾರರು ತಕರಾರು ಎತ್ತಿದರು. ಕೈ ತಾಗಿದ್ದು ನಿಜ ಎಂದು ಕ್ಲೋಸ ರೆಫರಿಗೆ ಒಪ್ಪಿಕೊಂಡರು. ಗೋಲು ರದ್ದಾಯಿತು. ಎದುರಾಳಿಗಳು ಬಂದು ಅವರ ಕೈಕುಲುಕಿದರು. ಲಾಟ್ಸಿಯೊ ಆ ಪಂದ್ಯವನ್ನು 0–3ರಿಂದ ಸೋತಿತು.

ನನಗೆ ಸಿಕ್ಕ ಪೂರ್ಣ ಅಂಕವೂ ಕೈ ತಾಗಿದ ಗೋಲೇ ಆಗಿತ್ತು. ಅದನ್ನು ಫೈಲಿನಲ್ಲಿ ಇಟ್ಟುಕೊಂಡು ಮರುದಿನ ಈ ಕಥೆ ಹೇಳುವುದು ಹೇಗೆ? ಆಂತರಿಕ ಅಂಕಗಳಿಗೆ ಆ ಪಾಠ ಸೇರುತ್ತಿತ್ತು. ‘ನಾಳೆ ಮೆಲ್ಲಗೆ 24 ಎಂದು ಹೇಳಿ ಮುಂದೆ ಹೋಗು, ಯಾರಿಗೆ ನೆನಪಿರುತ್ತದೆ?’ ಎಂದಳು ಕೋಣೆಯ ಗೆಳತಿ. ಸುಳ್ಳು ಹೇಳುವುದಿಲ್ಲ, ಆ ಆಲೋಚನೆ ನನಗೂ ಹಿಡಿಸಿತ್ತು. ಬೆಳಗಿನವರೆಗೂ ಅದೇ ತೀರ್ಮಾನದಲ್ಲಿದ್ದೆ.

ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಮೇಡಂ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕುಳಿತಿದ್ದರು. ಅವರನ್ನು ನೋಡಿದ ಮೇಲೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅವರು ಫೈಲು ತೆರೆಸಿ, ಪಾಠಯೋಜನೆ ನೋಡಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ತೆಗೆದು ‘ವಿಷಯದ ನಿಖರತೆ’ಯ ಅಂಕಕ್ಕೆ ಗೆರೆ ಎಳೆದು ಕಡಿಮೆ ಅಂಕ ಬರೆದು ಸಹಿ ಹಾಕಿದರು. ‘ಇಲ್ಲಿ ತಿದ್ದಿದ್ದಾಯಿತು. ತರಗತಿಯಲ್ಲಿ ತಿದ್ದುವುದು ನಿಮ್ಮ ಕೆಲಸ’ ಎಂದರು. ನಾನು ಬಾಗಿಲ ಬಳಿ ಹೋದಾಗ, ‘ನಾನೂ ಎಣಿಸಲಿಲ್ಲ ನೋಡಿ, ಮಕ್ಕಳ ಉತ್ಸಾಹ ನೋಡುತ್ತ ಕೂತೆ’ ಎಂದರು.

ಎರಡನೇ ಅವಧಿ

ಹಲಗೆಯ ಮೇಲೆ ಹಿಂದಿನ ದಿನದ ಉತ್ತರವನ್ನೇ ಚೌಕಟ್ಟಿನೊಂದಿಗೆ ಬರೆದೆ: 16 ÷ 11 = 1.45. ‘ಇದರಲ್ಲಿ ತಪ್ಪಿದೆ. ತಪ್ಪು ನನ್ನದು. ಎಲ್ಲಿದೆ ಎಂದು ಹುಡುಕಿ’ ಎಂದೆ.

ಮಕ್ಕಳು ಮೊದಲು ಭಾಗಾಕಾರ ಪರೀಕ್ಷಿಸಿದರು. ಅದು ಸರಿಯಿತ್ತು. ಗೋಲು ಮತ್ತೆ ಕೂಡಿದರು. ಅದೂ ಸರಿ. ತರಗತಿ ಸುಮ್ಮನಾಯಿತು. ಆಗ ಕೊನೆಯ ಬೆಂಚಿನ ಒಬ್ಬ ಹುಡುಗ, ಹಿಂದಿನ ದಿನ ಬಾಯಿ ಬಿಡದವನು, ಅರ್ಧ ಎದ್ದು ಕೇಳಿದ: ‘ಟೀಚರ್, ಫೈನಲ್ ಎಲ್ಲಿ?’

2014ರ ಜುಲೈ 13ರ ಫೈನಲ್‌ನಲ್ಲಿ ಕ್ಲೋಸ ಆಡಿದ್ದರು. 88ನೇ ನಿಮಿಷದಲ್ಲಿ ಅವರು ಹೊರಬಂದು ಮಾರಿಯೊ ಗ್ಯೋಟ್ಸೆ ಒಳಗೆ ಹೋದರು. ಆ ಗ್ಯೋಟ್ಸೆಯೇ 113ನೇ ನಿಮಿಷದಲ್ಲಿ ಅರ್ಜೆಂಟೀನ ವಿರುದ್ಧದ ಏಕೈಕ ಗೋಲು ಹೊಡೆದು ಜರ್ಮನಿಗೆ ಕಪ್ ತಂದರು. ಕ್ಲೋಸ ಅವರ ಗೋಲು ಸೊನ್ನೆ. ವಿಶ್ವಕಪ್ ಗೆದ್ದ ದಿನದ ಪಂದ್ಯವೇ ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಅಲ್ಲಿಂದ ಮಕ್ಕಳಿಗೆ ಖಾಲಿ ಪಟ್ಟಿಗಳನ್ನು ಕೊಟ್ಟು, ಉಳಿದ ಪಂದ್ಯಗಳನ್ನು ನಾನು ಹೇಳುತ್ತ ಹೋದೆ. 2002ರಲ್ಲಿ ಪರಾಗ್ವೆ, ಅಮೆರಿಕ, ದಕ್ಷಿಣ ಕೊರಿಯ, ಮತ್ತು ರೊನಾಲ್ಡೊ ಎರಡು ಗೋಲು ಹೊಡೆದು ಬ್ರೆಜಿಲ್ ಗೆದ್ದ ಫೈನಲ್. 2006ರಲ್ಲಿ ತಾನು ಹುಟ್ಟಿದ ಪೋಲೆಂಡ್ ವಿರುದ್ಧದ ಪಂದ್ಯ, ಸ್ವೀಡನ್, ಸೆಮಿಫೈನಲ್‌ನಲ್ಲಿ ಸೋಲಿಸಿದ ಇಟಲಿ, ಪೋರ್ಚುಗಲ್. 2010ರಲ್ಲಿ ಎರಡು ಹಳದಿ ಕಾರ್ಡ್ ಪಡೆದು ಹೊರಹೋದ ಸರ್ಬಿಯ ಪಂದ್ಯ, ಸ್ಪೇನ್. 2014ರಲ್ಲಿ ಅಮೆರಿಕ, ಫ್ರಾನ್ಸ್, ಅರ್ಜೆಂಟೀನ. ಒಟ್ಟು ಹದಿಮೂರು ಸೊನ್ನೆಗಳು ಹಲಗೆಯ ಮೇಲೆ ಬಂದವು.

ಆವೃತ್ತಿ ಪಟ್ಟಿ ಹೀಗಾಯಿತು:

0 ಗೋಲು: 13 ಪಂದ್ಯ
1 ಗೋಲು: 7 ಪಂದ್ಯ
2 ಗೋಲು: 3 ಪಂದ್ಯ
3 ಗೋಲು: 1 ಪಂದ್ಯ

ಸರಾಸರಿ 16 ÷ 24 = 0.67. ಏರಿಕೆ ಕ್ರಮದಲ್ಲಿ ಬರೆದಾಗ 12ನೇ ಮತ್ತು 13ನೇ ಪ್ರಾಪ್ತಾಂಕಗಳೆರಡೂ ಸೊನ್ನೆ, ಆದ್ದರಿಂದ ಮಧ್ಯಾಂಕ ಸೊನ್ನೆ. ಅತಿ ಹೆಚ್ಚು ಸಲ ಬಂದದ್ದೂ ಸೊನ್ನೆ, ಆದ್ದರಿಂದ ಬಹುಲಕವೂ ಸೊನ್ನೆ. ‘ಅಷ್ಟು ದೊಡ್ಡ ಆಟಗಾರನ ಮಧ್ಯಾಂಕ ಸೊನ್ನೆಯಾ?’ ಎಂದು ಒಬ್ಬಳು ಮತ್ತೆ ಎಣಿಸಿದಳು. ಮೂರು ಅಳತೆಗಳೂ ಒಂದೇ ದತ್ತಾಂಶದ ಬಗ್ಗೆ ಬೇರೆ ಬೇರೆ ಮಾತು ಹೇಳುತ್ತವೆ ಎಂಬುದನ್ನು ನಾನು ವಿವರಿಸಬೇಕಾಗಲೇ ಇಲ್ಲ.

ಹೋಲಿಕೆಯನ್ನೂ ಹೊಸದಾಗಿ ಮಾಡಿದೆವು. ಈ ಬಾರಿ ನಾಲ್ವರು:

ಕ್ಲೋಸ: 24 ಪಂದ್ಯ, 16 ಗೋಲು, ಸರಾಸರಿ 0.67
ರೊನಾಲ್ಡೊ: 19 ಪಂದ್ಯ, 15 ಗೋಲು, ಸರಾಸರಿ 0.79
ಮ್ಯೂಲರ್: 13 ಪಂದ್ಯ, 14 ಗೋಲು, ಸರಾಸರಿ 1.08
ಫ್ರಾನ್ಸಿನ ಜುಸ್ತ್ ಫೊಂಟೇನ್: 6 ಪಂದ್ಯ, 13 ಗೋಲು, ಸರಾಸರಿ 2.17

ಒಟ್ಟು ಗೋಲಿನ ಕ್ರಮ ಮೇಲಿನಿಂದ ಕೆಳಕ್ಕೆ, ಸರಾಸರಿಯ ಕ್ರಮ ಕೆಳಗಿನಿಂದ ಮೇಲಕ್ಕೆ! ಯಾರು ದೊಡ್ಡವರು ಎಂಬ ಚರ್ಚೆ ಎದ್ದಿತು. ಫೊಂಟೇನ್ ಆ 13 ಗೋಲುಗಳನ್ನೂ 1958ರ ಒಂದೇ ವಿಶ್ವಕಪ್‌ನಲ್ಲಿ ಹೊಡೆದರು. ಕ್ಲೋಸ 24ನೇ ವಯಸ್ಸಿನಿಂದ 36ರವರೆಗೆ ನಾಲ್ಕು ಸಲ ತಂಡದಲ್ಲಿ ಜಾಗ ಉಳಿಸಿಕೊಂಡು ಬಂದರು. 2009–10ರ ಬುಂಡೆಸ್‌ಲೀಗಾದಲ್ಲಿ ಅವರು ಹೊಡೆದದ್ದು ಮೂರೇ ಗೋಲು, ಆದರೂ ಆ ಬೇಸಿಗೆಯ ವಿಶ್ವಕಪ್‌ನಲ್ಲಿ ನಾಲ್ಕು ಹೊಡೆದರು. ರಾಷ್ಟ್ರೀಯ ತಂಡದ ಒಟ್ಟು ಲೆಕ್ಕದಲ್ಲೂ ಇದೇ ಕಥೆ: ಕ್ಲೋಸ 137 ಪಂದ್ಯಗಳಲ್ಲಿ 71, ಮ್ಯೂಲರ್ 62 ಪಂದ್ಯಗಳಲ್ಲಿ 68. ‘ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ’ ಎಂದು ಕೊನೆಗೆ ಮುಂದಿನ ಬೆಂಚಿನ ಹುಡುಗಿ ಹೇಳಿದಳು. ಅದನ್ನೇ ಸಾರಾಂಶವಾಗಿ ಹಲಗೆಯ ಮೇಲೆ ಬರೆದೆ.

ಮಕ್ಕಳು ಏಕೆ ಕೇಳಲಿಲ್ಲ?

ಹಿಂದಿನ ದಿನ ಯಾರಿಗೂ ಸಂಶಯ ಬರಲಿಲ್ಲವೇ ಎಂದು ವಿಚಾರಿಸಿದೆ. ಎರಡು ಉತ್ತರಗಳು ಸಿಕ್ಕವು, ಎರಡೂ ನಮಗೆ ಮುಖ್ಯ.

ಒಬ್ಬ ಹುಡುಗಿ ಹೇಳಿದಳು: ‘ಕ್ರಿಕೆಟ್‌ನಲ್ಲಿ ಔಟಾಗದ ಇನಿಂಗ್ಸ್ ಲೆಕ್ಕಕ್ಕೆ ಹಿಡಿಯೋದಿಲ್ಲ ಅಲ್ವಾ ಟೀಚರ್, ಇದೂ ಹಾಗೇ ಅಂದ್ಕೊಂಡೆ.’ ಸರಿಯಾದ ಮಾತು. ಬ್ಯಾಟಿಂಗ್ ಸರಾಸರಿ ಎಂದರೆ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುವುದು. ಡಾನ್ ಬ್ರಾಡ್ಮನ್ ಅವರ 6996 ಟೆಸ್ಟ್ ರನ್ನುಗಳು 80 ಇನಿಂಗ್ಸ್‌ಗಳಲ್ಲಿ ಬಂದವು, ಹತ್ತರಲ್ಲಿ ಅವರು ಔಟಾಗಿರಲಿಲ್ಲ. 70ರಿಂದ ಭಾಗಿಸಿದರೆ ಪ್ರಸಿದ್ಧವಾದ 99.94 ಬರುತ್ತದೆ. ಪಾಠದ ಅರ್ಥದಲ್ಲಿ 80ರಿಂದ ಭಾಗಿಸಿದರೆ 87.45. ಮಕ್ಕಳ ಪೂರ್ವಜ್ಞಾನದಲ್ಲೇ ‘ಕೆಲವು ಪಂದ್ಯ ಬಿಡಬಹುದು’ ಎಂಬ ಕಲ್ಪನೆ ಇತ್ತು. ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ಆರಿಸಿಕೊಂಡೆ ಎಂದುಕೊಂಡಿದ್ದೆ, ಕ್ರಿಕೆಟ್ ತರಗತಿಯೊಳಗೆ ಆಗಲೇ ಕೂತಿತ್ತು. ಪೂರ್ವಜ್ಞಾನ ಪರೀಕ್ಷೆಯಲ್ಲಿ ನಾನು ಕೇಳಿದ್ದು ಸೂತ್ರವನ್ನು ಮಾತ್ರ.

ಎರಡನೇ ಉತ್ತರ ಫೈನಲ್ ಕೇಳಿದ ಹುಡುಗನದು. ‘ನಿನ್ನೆಯೇ ಗೊತ್ತಿತ್ತು ಟೀಚರ್. ನೀವೇ ಬರೆದದ್ದಲ್ವಾ, ಸರಿ ಇರಬಹುದು ಅಂದ್ಕೊಂಡೆ. ಮತ್ತೆ ಹಿಂದೆ ಮೇಡಂ ಸಹ ಇದ್ರು.’ ನಾನು ಅಂಕ ಕಳೆದುಕೊಳ್ಳಬಾರದೆಂದು ಆ ಹುಡುಗ ಬಾಯಿ ಮುಚ್ಚಿಕೊಂಡಿದ್ದನೋ, ಹೆದರಿದ್ದನೋ ಕೇಳಲಿಲ್ಲ. ‘ಸಂಶಯ ಇದ್ದರೆ ಕೇಳಿ’ ಎಂದು ಮೊದಲ ದಿನ ನಾನು ಮೂರು ಸಲ ಹೇಳಿದ್ದೆ. ಹೇಳುವುದರಿಂದ ಮಕ್ಕಳು ಕೇಳುವುದಿಲ್ಲ ಎಂದು ಈಗ ಗೊತ್ತಾಗಿದೆ. ಹಲಗೆಯ ಮೇಲೆ ಶಿಕ್ಷಕಿಯ ತಪ್ಪನ್ನು ಒಮ್ಮೆ ಕಂಡ ಮೇಲೆ ಆ ಅವಧಿಯಲ್ಲಿ ಬಂದಷ್ಟು ಪ್ರಶ್ನೆಗಳು ನನ್ನ ಬೇರೆ ಯಾವ ಪಾಠದಲ್ಲೂ ಬಂದಿರಲಿಲ್ಲ.

ನಾಪೋಲಿಯ ಘಟನೆಯನ್ನೂ ಹೇಳಿದೆ. ‘ಪ್ರಾಮಾಣಿಕರಾಗಿರಿ’ ಎಂಬ ಉಪದೇಶ ಸೇರಿಸಲಿಲ್ಲ, ಆ ಹಕ್ಕು ನನಗಿದೆ ಎನ್ನಿಸಲಿಲ್ಲ. ಅವರು ಹೇಳಿದ್ದು ಆ ನಿಮಿಷದಲ್ಲೇ, ನಾನು ಒಂದು ರಾತ್ರಿ ಲೆಕ್ಕ ಹಾಕಿ ಹೇಳಿದವಳು. ‘ಸೋತರಲ್ಲ ಟೀಚರ್, ಹೇಳಿ ಏನು ಲಾಭ?’ ಎಂದು ಒಬ್ಬ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದವನು, ‘ಹೇಳದಿದ್ರೂ 3–1, ಸೋಲೇ’ ಎಂದ. ತರಗತಿ ನಕ್ಕಿತು. ಮೊದಲ ಗೋಲು ನಿಂತಿದ್ದರೆ ಮುಂದಿನ ಆಟ ಬೇರೆಯಾಗುತ್ತಿರಲಿಲ್ಲವೇ ಎಂದು ಮೂರನೆಯವಳು ಕೇಳಿದಳು. ಅಷ್ಟರಲ್ಲಿ ಗಂಟೆಯಾಯಿತು.

ಮೌಲ್ಯಮಾಪನ ಮತ್ತು ಸಲಹೆಗಳು

ಮನೆಗೆಲಸಕ್ಕೆ ಒಂದು ವಾರದ ಮಳೆಯ ಲೆಕ್ಕ ಕೊಟ್ಟೆ: 12, 0, 30, 0, 8, 20, 0 ಮಿಲಿಮೀಟರ್. ಹೆಚ್ಚಿನವರು 7ರಿಂದ ಭಾಗಿಸಿ 10 ಎಂದು ಬರೆದರು. ಕೆಲವರು ಮಳೆ ಬಂದ ನಾಲ್ಕು ದಿನಗಳಿಂದಲೇ ಭಾಗಿಸಿ 17.5 ಎಂದು ತಂದರು. ಒಂದು ಸಲ ತಿದ್ದಿದ ಮಾತ್ರಕ್ಕೆ ಎಲ್ಲರಲ್ಲೂ ತಿದ್ದುಪಡಿಯಾಗುವುದಿಲ್ಲ. ಅವರಿಗಾಗಿ ಪರಿಹಾರ ಬೋಧನೆಯ ಒಂದು ಚಟುವಟಿಕೆ ಮಾಡಿದೆ: ಇಬ್ಬರಲ್ಲಿ ಐದು ಚಾಕೊಲೇಟು ಮತ್ತು ಸೊನ್ನೆ ಚಾಕೊಲೇಟು ಇದ್ದರೆ ಸಮವಾಗಿ ಹಂಚುವಾಗ ಇಲ್ಲದವನನ್ನು ಬಿಡಬಹುದೇ ಎಂದು ಕೇಳಿದೆ. ಅದು ಅವರಿಗೆ ಹಿಡಿಯಿತು.

ಈ ಘಟಕ ತೆಗೆದುಕೊಳ್ಳುವ ಸಹಪಾಠಿಗಳಿಗೆ ನನ್ನ ಸಲಹೆ ಮೂರು. ದತ್ತಾಂಶದಲ್ಲಿ ಸೊನ್ನೆಗಳಿರುವ ಉದಾಹರಣೆಯನ್ನು ಬೇಕೆಂದೇ ಆರಿಸಿ, ಸೊನ್ನೆಗೂ ಒಂದು ಮಿಂಚುಪಟ್ಟಿ ಮಾಡಿ. ಪೂರ್ವಜ್ಞಾನ ಪರೀಕ್ಷೆಯಲ್ಲಿ ‘ಸರಾಸರಿ ಎಂಬ ಮಾತನ್ನು ಎಲ್ಲಿ ಕೇಳಿದ್ದೀರಿ?’ ಎಂದು ಕೇಳಿ, ಕ್ರಿಕೆಟ್‌ನ ರೂಢಿಯನ್ನು ಅಲ್ಲೇ ಬಿಡಿಸಿಡಿ. ಎರಡು ಸರಾಸರಿಗಳನ್ನು ಹೋಲಿಸುವ ಮೊದಲು ಎರಡರ ಛೇದವೂ ಒಂದೇ ರೀತಿಯದೇ ಎಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿ.

ಅಧ್ಯಾಪಕರಲ್ಲಿ ಒಂದು ಕೋರಿಕೆ ಇದೆ. ನಮ್ಮ ಅವಲೋಕನ ಪತ್ರದಲ್ಲಿ ಹಿಂದಿನ ಪಾಠದ ತಪ್ಪನ್ನು ಮುಂದಿನ ಪಾಠದಲ್ಲಿ ತಿದ್ದಿದ್ದನ್ನು ದಾಖಲಿಸಲು ಯಾವ ಕಲಮೂ ಇಲ್ಲ. ಅದಕ್ಕೆ ಅಂಕ ಬೇಡ, ಒಂದು ಸಾಲು ಬರೆಯುವ ಜಾಗ ಸಾಕು. ಈಗ ನನ್ನ ಫೈಲಿನ ಆ ಪುಟದಲ್ಲಿ ಗೆರೆ ಎಳೆದ ಅಂಕ, ಪಕ್ಕದಲ್ಲಿ ಹೊಸ ಅಂಕ, ಮೇಡಂ ಅವರ ಸಹಿ ಇವೆ. ಹಿಂದಿನ ದಿನದ ಪಟ್ಟಿಗಳಿಗೆ ಮಕ್ಕಳು ಬರೆದ ಹದಿಮೂರು ಸೊನ್ನೆಗಳನ್ನೂ ಸೇರಿಸಿ, ಇಪ್ಪತ್ತನಾಲ್ಕನ್ನೂ ಅದೇ ಪುಟದ ಹಿಂದೆ ಪಿನ್ ಮಾಡಿ ಇಟ್ಟಿದ್ದೇನೆ.